ಕಟಾಫ್ ಇಳಿಸಿ, ಆಮೇಲೆ ಎನ್ವೆಲಪ್
ಉಡುಪಿ, 28 ಜುಲೈ 2024, ಭಾನುವಾರ

ಸಿಂತಸೈಜರ್‌ನಲ್ಲಿ ಫಿಲ್ಟರ್ ಎನ್ವೆಲಪ್‌ನ (ಪ್ರತಿ ಸ್ವರಕ್ಕೂ ಫಿಲ್ಟರನ್ನು ತೆರೆದು ಮುಚ್ಚುವ ಏರಿಳಿತ) ಸ್ಲೈಡರ್ ಎಷ್ಟು ಎಳೆದರೂ ಸದ್ದು ಬದಲಾಗುವುದಿಲ್ಲ ಎಂಬ ದೂರು ಬಂದರೆ ಮೊದಲು ಕಟಾಫ್ (ಫಿಲ್ಟರ್ ಸದ್ದನ್ನು ತಡೆಯಲು ಶುರುಮಾಡುವ ಗಡಿ) ನೋಡಬೇಕು. ಹೆಚ್ಚಾಗಿ ಅದು ಪೂರ್ತಿ ಮೇಲಿರುತ್ತದೆ. ತೆರೆದೇ ಇರುವ ಬಾಗಿಲನ್ನು ಎನ್ವೆಲಪ್ ಇನ್ನೆಷ್ಟು ತೆರೆದೀತು?

ಇವತ್ತು ಹಿಡಿದದ್ದು ಸರ್ಜ್ ಎಕ್ಸ್‌ಟಿ ಎಂಬ ಕಂಪ್ಯೂಟರ್ ಸಿಂತ್. ಉಚಿತ, ಅಳತೆಯನ್ನೂ ಸೆಮಿಟೋನ್‌ನಲ್ಲೇ (ಪಕ್ಕಪಕ್ಕದ ಎರಡು ಕೀಗಳ ಅಂತರ, 12 ಸೇರಿದರೆ ಒಂದು ಆಕ್ಟೇವ್) ತೋರಿಸುತ್ತದೆ. ಒಂದೇ ಸಾ ವೇವ್ (ಗರಗಸದ ಹಲ್ಲಿನಾಕಾರದ ಅಲೆ), ಫಿಲ್ಟರ್ 24 ಡಿಬಿ ಲೋಪಾಸ್ (ಕಟಾಫ್‌ಗಿಂತ ಮೇಲಿನದನ್ನು ತಗ್ಗಿಸುವಂಥದ್ದು), ಕಟಾಫ್ 220 ಹರ್ಟ್ಜ್. ಎನ್ವೆಲಪ್ ಅಮೌಂಟ್ (ಎನ್ವೆಲಪ್ ಕಟಾಫನ್ನು ಎಷ್ಟು ಏರಿಸಬೇಕೆಂಬುದು) +48 ಸೆಮಿಟೋನ್ ಕೊಟ್ಟರೆ ನಾಲ್ಕು ಆಕ್ಟೇವ್ ಆಯಿತು. ಅಟ್ಯಾಕ್‌ನ (ಎನ್ವೆಲಪ್ ಏರುವ ಹಂತ) ತುದಿಯಲ್ಲಿ ಕಟಾಫ್ 3520 ಹರ್ಟ್ಜ್ ಮುಟ್ಟುತ್ತದೆ. ಸಸ್ಟೇನ್ (ಕೀ ಹಿಡಿದಿರುವಷ್ಟು ಹೊತ್ತು ನಿಲ್ಲುವ ಮಟ್ಟ) 50% ಇದ್ದರೆ ಅದು ನಿಲ್ಲುವುದು ನಡುವಿನ 1870ರಲ್ಲಿ ಅಲ್ಲ, 24 ಸೆಮಿಟೋನ್ ಮೇಲಿನ 880ರ ಆಸುಪಾಸಿನಲ್ಲಿ. ಈ ಲೆಕ್ಕ ತಲೆಯಲ್ಲಿದ್ದರೆ ನಾಬ್ ತಿರುಗಿಸುತ್ತಾ ತಡಕಾಡುವ ಕೆಲಸ ಅರ್ಧಕ್ಕರ್ಧ ಕಮ್ಮಿ.

ಮೀಟಿದಂಥ ಸದ್ದಿಗೆ ಅಟ್ಯಾಕ್ 0, ಡಿಕೇ (ತುದಿಯಿಂದ ಸಸ್ಟೇನ್‌ಗೆ ಇಳಿಯುವ ಸಮಯ) 250 ಮಿಲಿಸೆಕೆಂಡ್, ಸಸ್ಟೇನ್ 0. ಸದ್ದಿನ ಗಟ್ಟಿತನವನ್ನು ಆಳುವ ಆ್ಯಂಪ್ ಎನ್ವೆಲಪ್‌ನ ಡಿಕೇ ಇದಕ್ಕಿಂತ ಉದ್ದ ಇರಲಿ, 600ರಷ್ಟು. ಅದು 100 ಇದ್ದರೆ ಫಿಲ್ಟರ್ ಮುಚ್ಚುವ ಮೊದಲೇ ಸದ್ದು ಮುಗಿದಿರುತ್ತದೆ, ಫಿಲ್ಟರ್ ಮಾಡಿದ್ದು ಯಾರಿಗೂ ಕೇಳದು.

ಇದೇ ಪ್ಯಾಚ್‌ನಲ್ಲಿ (ಈ ಸೆಟ್ಟಿಂಗ್‌ಗಳ ಸದ್ದಿನಲ್ಲಿ) ಮೇಲಿನ 880 ಹರ್ಟ್ಜ್ ಸ್ವರ ಒತ್ತಿ ಹಿಡಿದರೆ ಟಪ್ ಎಂದು ಸತ್ತು ಹೋಗುತ್ತದೆ. ಡಿಕೇ ಮುಗಿದು ಕಟಾಫ್ 220ಕ್ಕೆ ಇಳಿದಾಗ ಮೂಲಸ್ವರವೇ ಎರಡು ಆಕ್ಟೇವ್ ಮೇಲೆ ಉಳಿಯಿತಲ್ಲ. ಆಕ್ಟೇವಿಗೆ 24ರಂತೆ ಹತ್ತಿರ ಹತ್ತಿರ 48 ಡಿಬಿ ಕಡಿತ. ಬೇಸ್‌ಗೆ ಮಾಡಿದ ಪ್ಯಾಚ್ ಮೇಲಿನ ಕೀಗಳಲ್ಲಿ ಸೊರಗುವುದು ಇದಕ್ಕೇ. ಅಮೌಂಟ್ ಏರಿಸಿ ಪ್ರಯೋಜನ ಇಲ್ಲ, ಕೀಟ್ರ್ಯಾಕ್ (ಮೇಲಿನ ಕೀ ಒತ್ತಿದಷ್ಟೂ ಕಟಾಫ್ ಏರುವ ಪ್ರಮಾಣ) ಏರಿಸಬೇಕು. ಮಧ್ಯದ ಸಿ ಆಧಾರವಾಗಿ 100% ಇಟ್ಟರೆ ಆ ಸ್ವರಕ್ಕೆ ಕಟಾಫ್ ಸುಮಾರು 740 ಹರ್ಟ್ಜ್ ಆಗುತ್ತದೆ.

ಇನ್ನು ಊದುವ ಸದ್ದು. ಕದ್ರಿ ಗೋಪಾಲನಾಥರ ಊರ ಕಡೆಯವರಿಗೆ ಸ್ಯಾಕ್ಸೋಫೋನ್ ಹೇಗೆ ಕೇಳಬೇಕೆಂದು ಹೇಳಿಕೊಡಬೇಕಿಲ್ಲ. ಉತ್ಸವ, ಮದುವೆ ಎಲ್ಲ ಕಡೆ ಅದೇ. ಸಾ ವೇವ್‌ನಿಂದ ಅಸಲಿ ಸ್ಯಾಕ್ಸ್ ಬರುವುದಿಲ್ಲ, ಆದರೆ ಉಸಿರು ತುಂಬಿದಂತೆ ಸ್ವರ ಅರಳುವ ಗುಣ ಬರುತ್ತದೆ. ಆ್ಯಂಪ್ ಅಟ್ಯಾಕ್ 30 ಮಿಲಿಸೆಕೆಂಡ್, ಫಿಲ್ಟರ್ ಅಟ್ಯಾಕ್ 80. ಸ್ವರ ಮೊದಲು ಬಂದು ಹೊಳಪು ತುಸು ತಡವಾಗಿ ಬರಬೇಕು. ಎರಡೂ ಒಟ್ಟಿಗೆ ಬಂದರೆ ಹಾರ್ಮೋನಿಯಂ ಆಗಿಬಿಡುತ್ತದೆ. ಫಿಲ್ಟರ್ ಡಿಕೇ 300, ಸಸ್ಟೇನ್ 60%, ರೆಸೊನೆನ್ಸ್ (ಕಟಾಫ್ ಹತ್ತಿರದ ಸದ್ದನ್ನು ಎತ್ತಿ ತೋರಿಸುವುದು) 15% ಸಾಕು. ಅದಕ್ಕಿಂತ ಹೆಚ್ಚಾದರೆ ಕಟಾಫ್ ಏರುವ ದಾರಿಯುದ್ದಕ್ಕೂ ಸಿಳ್ಳೆ. ಅಮೌಂಟ್ ಅನ್ನು 24ಕ್ಕೆ ಇಳಿಸಿ, ಇನ್ನುಳಿದ 24 ಅನ್ನು ವೆಲಾಸಿಟಿಗೆ (ಕೀ ಒತ್ತುವ ಜೋರು) ಬಿಡಿ: ಮೆಲ್ಲಗೆ ಒತ್ತಿದರೆ ಮಬ್ಬು, ಜೋರಾಗಿ ಒತ್ತಿದರೆ ಕಂಚು.

ರಿಲೀಸ್ (ಕೀ ಬಿಟ್ಟ ಮೇಲೆ ಇಳಿಯುವ ಸಮಯ) ಅನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಪ್ಯಾಡ್‌ನ (ಹಿನ್ನೆಲೆಯ ಎಳೆದ ಸದ್ದು) ಆ್ಯಂಪ್ ರಿಲೀಸ್ 1.5 ಸೆಕೆಂಡ್ ಇದ್ದು ಫಿಲ್ಟರ್ ರಿಲೀಸ್ 0.1 ಇದ್ದರೆ, ಕೀ ಬಿಟ್ಟ ಕೂಡಲೇ ಸದ್ದಿನ ಮೇಲೆ ಕಂಬಳಿ ಹೊದಿಸಿದ ಹಾಗಾಗುತ್ತದೆ. ಎರಡನ್ನೂ ಸಮ ಮಾಡಿ. ಆಟಿಯ ಮಳೆ ಹಂಚಿನ ಮೇಲೆ ಸುರಿಯುವಾಗ ಈ ಬಾಲ ಸ್ಪೀಕರಿನಲ್ಲಿ ಕೇಳಿಸುವುದಿಲ್ಲ, ಹೆಡ್‌ಫೋನ್ ಹಾಕಿಕೊಳ್ಳಿ.

ಕೀ ಒತ್ತಿದಾಗ 'ಟಿಕ್' ಬಂದರೆ ಫಿಲ್ಟರ್ ಆಫ್ ಮಾಡಿ ನೋಡಿ. ಆಗಲೂ ಬಂದರೆ ತಪ್ಪು ಆ್ಯಂಪ್‌ನದು: ಅಟ್ಯಾಕ್ 3–5 ಮಿಲಿಸೆಕೆಂಡ್ ಕೊಡಿ.

ವೈಟಲ್ ಎಂಬ ಇನ್ನೊಂದು ಸಿಂತ್ ಬಳಸುವವರು ನೆನಪಿಡಬೇಕಾದ್ದು, ಅಲ್ಲಿ ಎನ್ವೆಲಪ್ 1 ಆ್ಯಂಪ್‌ಗೇ ಮೀಸಲು. 2ನೆಯದನ್ನು ಕಟಾಫ್ ನಾಬ್ ಮೇಲೆ ಎಳೆದು ಬಿಡಬೇಕು. ಜಾರು, ಗಮಕಗಳನ್ನು ನುಡಿಸುವಾಗ ಪ್ರತಿ ಸ್ವರಕ್ಕೂ ಫಿಲ್ಟರ್ ಹೊಸದಾಗಿ 'ವಾ' ಎನ್ನುತ್ತಿದ್ದರೆ ವೈಟಲ್‌ನಲ್ಲಿ ವಾಯ್ಸ್ 1 ಮಾಡಿ (ಒಮ್ಮೆಗೆ ಒಂದೇ ಸ್ವರ) ಲೆಗಾಟೊ (ಎನ್ವೆಲಪ್ ಮತ್ತೆ ಶುರುವಾಗದಂತೆ ಸ್ವರ ಜೋಡಿಸುವುದು) ಹಾಕಿ, ಸರ್ಜ್‌ನಲ್ಲಿ ಅದೇ ಕೆಲಸದ ಮೊನೊ ಎಸ್‌ಟಿ. ಹಿಂದಿನ ಕೀ ಬಿಡುವ ಮುಂಚೆ ಮುಂದಿನದನ್ನು ಒತ್ತಿದರೆ ಮಾತ್ರ ಇದು ಕೆಲಸ ಮಾಡುತ್ತದೆ.