ಬಿಸಿನೀರಿಗೆ ಒಂದು ಲಾರ್ಜ್

ನವೆಂಬರ್ 18, 2025, ಮಂಗಳವಾರ
ಬೆಂಗಳೂರು, ರಾತ್ರಿ ಹತ್ತು

ಇವತ್ತಿಗೆ ನಾಲ್ಕನೇ ದಿನ. ಹೊಟ್ಟೆ ಸುಮ್ಮನಾಗಿದೆ, ತಲೆಯೂ ಸರಿಹೋಗಿದೆ. ಶನಿವಾರ ರಾತ್ರಿ ಆಗಿದ್ದನ್ನು ಮರೆಯುವ ಮೊದಲು ಬರೆದಿಡೋಣ ಅನ್ನಿಸಿತು.

ಗೆಳತಿಯ ಮದುವೆಗೆ ವಿರಾಜಪೇಟೆ ಕಡೆ ಹೋಗಿದ್ದೆ. ಮುಟ್ಟಿನ ಡೇಟಿಗೆ ಇನ್ನೂ ಮೂರು ದಿನ ಇತ್ತು. ಆದರೆ ಹುಣಸೂರು ದಾಟುವಷ್ಟರಲ್ಲಿ ಬಸ್ಸಿನಲ್ಲೇ ಶುರುವಾಯಿತು. ಸಂಜೆಗೆ ಸೊಂಟ, ತೊಡೆ ಎಲ್ಲಾ ಹಿಡಿದುಕೊಂಡವು. ಎಂಟು ಗಂಟೆಗೆ ಬ್ಯಾಗಿನಲ್ಲಿದ್ದ ಮಾತ್ರೆ ನುಂಗಿದೆ. ಯಾವ ಮಾತ್ರೆ ಅಂತ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಮೆಫೆನಾಮಿಕ್ ಆಸಿಡ್ ಮತ್ತು ಡೈಸೈಕ್ಲೋಮೈನ್ ಎರಡೂ ಸೇರಿರುವ ಅದೇ ಮಾತ್ರೆ. ಊಟ ಮಾಡಿರಲಿಲ್ಲ. ಒಂಬತ್ತಕ್ಕೆ ಕಡಂಬುಟ್ಟು, ಪಂದಿ ಕರಿ ಬಡಿಸಿದರು. ಅಷ್ಟು ದೂರದಿಂದ ಅದಕ್ಕೇ ಆಸೆಪಟ್ಟು ಬಂದವಳು, ಎರಡು ತುತ್ತೂ ತಿನ್ನಲಾಗಲಿಲ್ಲ.

ಹೊರಗೆ ವಾಲಗ ಜೋರಾಗಿತ್ತು. ಎಲ್ಲರೂ ಕುಣಿಯುತ್ತಿದ್ದರು. ನಾನು ಒಳಗಿನ ಕೋಣೆಯಲ್ಲಿ ಮಂಡಿ ಮಡಚಿಕೊಂಡು ಮಲಗಿದ್ದೆ. ಹನ್ನೊಂದರ ಹೊತ್ತಿಗೆ ಗೆಳತಿಯ ದೊಡ್ಡಮ್ಮ ಬಂದರು. ಎಪ್ಪತ್ತರ ಹತ್ತಿರದವರು. "ಏನು ಮಗಳೇ, ಮುಟ್ಟಾ?" ಅಂತ ನೇರವಾಗಿ ಕೇಳಿದರು. ನನಗೆ ಅದೇ ಮೊದಲ ಆಶ್ಚರ್ಯ. ಹಾಸನದ ನಮ್ಮ ಮನೆಯಲ್ಲಿ ಆ ಪದ ಯಾರ ಬಾಯಲ್ಲೂ ಬರುವುದಿಲ್ಲ. "ಅವಳು ಹೊರಗಾಗಿದ್ದಾಳೆ" ಅಂತ ಅಮ್ಮ ಗೋಡೆಗೆ ಹೇಳಿದ ಹಾಗೆ ಹೇಳುತ್ತಾಳೆ, ಅಷ್ಟೇ.

ಹೌದು ಅಂದೆ. ಐದೇ ನಿಮಿಷದಲ್ಲಿ ಒಂದು ಸ್ಟೀಲ್ ಲೋಟ ಬಂತು. ಬಿಸಿನೀರು, ಕುಟ್ಟಿದ ಕರಿಮೆಣಸು, ಬ್ರಾಂಡಿ. "ಲಾರ್ಜ್ ಹಾಕಿದ್ದೀನಿ. ಗಟಗಟ ಕುಡಿಬೇಡ, ನಿಧಾನಕ್ಕೆ. ನಾವೆಲ್ಲ ಇದನ್ನೇ ಕುಡಿದು ದೊಡ್ಡವರಾದದ್ದು."

ಕುಡಿದೆ. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು. ಎದೆಯಿಂದ ಕೆಳಗೆ ಬೆಚ್ಚಗಾಯಿತು. ಇಪ್ಪತ್ತು ನಿಮಿಷದಲ್ಲಿ ನೋವು ಎಲ್ಲೋ ದೂರ ಹೋಗಿ ಕೂತ ಹಾಗಾಯಿತು. ವಾಲಗದ ಸದ್ದಿನಲ್ಲೇ ನಿದ್ದೆ ಹೋದೆ. ಅಮ್ಮನ ಜೀರಿಗೆ ಕಷಾಯಕ್ಕೆ ಇಷ್ಟು ತಾಕತ್ತು ಯಾವತ್ತೂ ಇರಲಿಲ್ಲ ಅಂದುಕೊಂಡೇ ಮಲಗಿದೆ.

ಎರಡೂವರೆಗೆ ಎಚ್ಚರವಾಯಿತು. ಬಾಯಿ ಒಣಗಿತ್ತು, ಎದೆ ಡವಡವ. ನೋವು ವಾಪಸ್ ಬಂದಿತ್ತು, ಜೊತೆಗೆ ಹೊಟ್ಟೆಯ ಮೇಲ್ಭಾಗದಲ್ಲಿ ಹೊಸ ಉರಿ. ಬಾತ್‌ರೂಮಿಗೆ ಮೂರು ಸಲ ಓಡಿದೆ. ಎದ್ದು ನಿಂತರೆ ಕಣ್ಣು ಕತ್ತಲೆ. ಬೆಳಗಾಗುವವರೆಗೆ ಮದುವೆ ಮನೆಯ ಸೀಲಿಂಗ್ ನೋಡುತ್ತಾ ಬಿದ್ದಿದ್ದೆ. ಭಾನುವಾರ ವಾಪಸ್ ಬರುವ ಬಸ್ಸಿನ ಪಾಡು ಬರೆಯುವುದಿಲ್ಲ. ಐದಾರು ಗಂಟೆ, ಎರಡನೇ ದಿನ, ತಲೆನೋವು. ಗೊತ್ತಿದ್ದವರಿಗೆ ಸಾಕು.

ಸೋಮವಾರ ರಜೆ ಹಾಕಿದೆ. ಕಳೆದ ತಿಂಗಳು ತಾನೇ ನಮ್ಮ ರಾಜ್ಯದ ಸಂಪುಟ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿದೆ. ಆದರೂ ಮೇಲ್‌ನಲ್ಲಿ ನಾನು ಬರೆದದ್ದು "ಜ್ವರ". ಅಮ್ಮನನ್ನು ಆಡಿಕೊಳ್ಳುವ ನಾನೂ ಅಷ್ಟೇ.

ಆಮೇಲೆ ದೊಡ್ಡಪ್ಪನ ಮಗಳಿಗೆ ಫೋನ್ ಮಾಡಿದೆ. ಅಕ್ಕ ಹೆರಿಗೆ ಡಾಕ್ಟರು. ಬ್ರಾಂಡಿ ವಿಷಯಕ್ಕೆ ಬೈಯುತ್ತಾಳೆ ಅಂತ ತಯಾರಾಗಿಯೇ ಇದ್ದೆ. ಅವಳು ಅದನ್ನು ಬಿಟ್ಟು ಬೇರೇನೋ ಕೇಳಿದಳು.

"ಮಾತ್ರೆ ಯಾವಾಗ ನುಂಗಿದೆ?"

"ಎಂಟಕ್ಕೆ."

"ಊಟ?"

"ಇಲ್ಲ."

"ಅದರ ಮೇಲೆ ಲಾರ್ಜಾ? ಮಲ ಕಪ್ಪಗೆ ಹೋಯ್ತೇನೇ? ವಾಂತೀಲಿ ರಕ್ತ?"

ಎರಡೂ ಇಲ್ಲ ಅಂದಾಗ ಉಸಿರು ಬಿಟ್ಟಳು. ನನಗೆ ಆಗ ಭಯವಾಯಿತು. ಆಮೇಲೆ ನಿಧಾನಕ್ಕೆ ಬಿಡಿಸಿ ಹೇಳಿದಳು. ಮುಟ್ಟಿನಲ್ಲಿ ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದು ಗರ್ಭಕೋಶವನ್ನು ಹಿಂಡುತ್ತದೆ, ಅದೇ ನೋವು. ಪಕ್ಕದ ಕರುಳನ್ನೂ ಬಿಡುವುದಿಲ್ಲ. ಮೊದಲ ದಿನ ಬಹಳ ಜನಕ್ಕೆ ಹೊಟ್ಟೆ ಸಡಿಲವಾಗುವುದು ಇದರಿಂದಲೇ. ಮೆಫೆನಾಮಿಕ್ ಆಸಿಡ್ ಈ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತದೆ. ಆದರೆ ಜಠರದ ಗೋಡೆಯನ್ನು ಆಸಿಡ್‌ನಿಂದ ಕಾಯುವುದೂ ಅದೇ ಬಳಗದ ರಾಸಾಯನಿಕ. ಮಾತ್ರೆ ಆ ಕಾವಲನ್ನು ತೆಗೆಯುತ್ತದೆ, ಮದ್ಯ ಬಂದು ಅಲ್ಲೇ ಕೆರೆಯುತ್ತದೆ. ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯ ಜಾಸ್ತಿಯಾಗುವುದು ಹೀಗೆ. ಡೈಸೈಕ್ಲೋಮೈನ್‌ಗೆ ಮೊದಲೇ ಮಂಪರು, ತಲೆಸುತ್ತು ತರುವ ಗುಣ ಇದೆ. ಮದ್ಯ ಸೇರಿದರೆ ಅದು ಇನ್ನಷ್ಟು ಹೆಚ್ಚುತ್ತದೆ. ನಾನು ಬ್ರಾಂಡಿಯ ಮಹಿಮೆ ಅಂದುಕೊಂಡಿದ್ದ ಆ ನಿದ್ದೆಯಲ್ಲಿ ಅರ್ಧ ಮಾತ್ರೆಯದೇ ಇರಬೇಕು!

"ಹಾಗಾದರೆ ನೋವು ಹೋಗಿದ್ದು ಸುಳ್ಳಾ?" ಅಂದೆ.

ಸುಳ್ಳಲ್ಲವಂತೆ. ಮದ್ಯ ಮೆದುಳನ್ನು ಮಂದ ಮಾಡುತ್ತದೆ. ಗರ್ಭಕೋಶ ತನ್ನ ಪಾಡಿಗೆ ಹಿಂಡುತ್ತಲೇ ಇರುತ್ತದೆ, ಸುದ್ದಿ ಮಾತ್ರ ನಮಗೆ ತಲುಪುವುದಿಲ್ಲ. ಇನ್ನು ಬಿಸಿ ನಿಜವಾಗಿಯೂ ಕೆಲಸ ಮಾಡುತ್ತದೆ. ಆ ಬಿಸಿಲೋಟವನ್ನು ನಾನು ಹೊಟ್ಟೆಗೆ ಒತ್ತಿ ಹಿಡಿದಿದ್ದೆ. ಬಿಸಿನೀರಿನ ಚೀಲ ಇದ್ದಿದ್ದರೂ ಅಷ್ಟು ಹಿತ ಸಿಗುತ್ತಿತ್ತು.

ಎರಡೂವರೆಯ ಲೆಕ್ಕವನ್ನು ನಾನೇ ಹಾಕಿದೆ. ನಮ್ಮಲ್ಲಿ ಬ್ರಾಂಡಿ ಸಾಮಾನ್ಯವಾಗಿ 42.8 ಪರ್ಸೆಂಟ್. 60 ಎಂಎಲ್ ಅಂದರೆ ಸುಮಾರು 20 ಗ್ರಾಂ ಆಲ್ಕೋಹಾಲ್. ಲಿವರ್ ಗಂಟೆಗೆ 7ರಿಂದ 10 ಗ್ರಾಂ ಕರಗಿಸುತ್ತದೆ. ಹನ್ನೊಂದಕ್ಕೆ ಕುಡಿದದ್ದು ಒಂದೂವರೆ, ಎರಡರ ಸುಮಾರಿಗೆ ಖಾಲಿ. ಅಮಲು ಇಳಿದ ಮೇಲೆ ನಿದ್ದೆ ಹರಿಯುತ್ತದೆ. ಬಾಯಿ ಒಣಗಿದ್ದಕ್ಕೂ ಕಾರಣ ಇದೆ. ನೀರನ್ನು ಹಿಡಿದಿಟ್ಟುಕೊಳ್ಳಲು ಕಿಡ್ನಿಗೆ ಹೇಳುವ ವಾಸೊಪ್ರೆಸಿನ್ ಅನ್ನುವ ಹಾರ್ಮೋನನ್ನು ಮದ್ಯ ತಗ್ಗಿಸುತ್ತದೆ. ಮಾಮೂಲಿಗಿಂತ ಜಾಸ್ತಿ ನೀರು ಹೊರಗೆ ಹೋಗುತ್ತದೆ. ಅಂದಹಾಗೆ, ಲಾರ್ಜ್ ಅಂತ ನಾನು ಹೆದರುತ್ತಿದ್ದೀನಿ, ಆದರೆ 650 ಎಂಎಲ್‌ನ ಒಂದು ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಇದರ ಎರಡರಷ್ಟು ಆಲ್ಕೋಹಾಲ್ ಇರುತ್ತದೆ. "ನಾನು ಬರೀ ಬಿಯರ್ ಅಷ್ಟೇ" ಅನ್ನುವ ನನ್ನ ಆಫೀಸಿನ ಗೆಳತಿಯರು ಇದನ್ನು ಓದಲಿ.

"ಮುಟ್ಟಿನಲ್ಲಿ ಕುಡಿದರೆ ಎರಡರಷ್ಟು ಏರುತ್ತೆ ಅಂತಾರಲ್ಲ?" ಅಂತಲೂ ಕೇಳಿದೆ. ಹಾಸ್ಟೆಲಿನಲ್ಲಿ ಎಲ್ಲರೂ ನಂಬಿದ್ದ ಮಾತು ಅದು. ತಿಂಗಳ ಯಾವ ದಿನ ಕುಡಿದರೂ ರಕ್ತದಲ್ಲಿ ಮದ್ಯದ ಮಟ್ಟ ಹೆಚ್ಚುಕಮ್ಮಿ ಅಷ್ಟೇ ಅನ್ನುತ್ತವೆ ಬಹುತೇಕ ಅಧ್ಯಯನಗಳು. ಗಂಡಸರಿಗಿಂತ ನಮಗೆ ಬೇಗ ಏರುವುದು ನಿಜ. ನಮ್ಮ ಮೈಯಲ್ಲಿ ನೀರಿನ ಪಾಲು ಕಡಿಮೆ. ಆದರೆ ಅದು ತಿಂಗಳಿಡೀ ಇರುವ ವಿಷಯ. ಒಂದು ಪೆಗ್‌ನಿಂದ ರಕ್ತ ಜಾಸ್ತಿ ಹೋಗುತ್ತದೆ ಅನ್ನಲೂ ಗಟ್ಟಿ ಪುರಾವೆ ಇಲ್ಲ. ಎರಡನೇ ದಿನ ನನಗೆ ಹೇಗೂ ಜಾಸ್ತಿಯೇ. ಇಡೀ ಮುಟ್ಟಿನಲ್ಲಿ ಹೋಗುವ ರಕ್ತ ಸಾಧಾರಣವಾಗಿ 30ರಿಂದ 40 ಎಂಎಲ್, ಅಂದರೆ ಒಂದು ಸ್ಮಾಲ್‌ಗಿಂತ ಚೂರು ಜಾಸ್ತಿ! ಕಣ್ಣಿಗೆ ಒಂದು ಬಕೆಟ್ ಕಂಡ ಹಾಗಿರುತ್ತದೆ, ಅಲ್ವಾ? 80 ದಾಟಿದರೆ ಡಾಕ್ಟರ ಹತ್ತಿರ ಹೋಗಬೇಕು.

ಅಕ್ಕನಿಗೆ ಚಿಂತೆ ಇದ್ದದ್ದು ದಿನಾ ಕುಡಿಯುವವರ ಬಗ್ಗೆ. ಅದು ಈಸ್ಟ್ರೋಜನ್ ಅನ್ನುವ ಹಾರ್ಮೋನಿನ ಮಟ್ಟ ಏರಿಸಬಹುದು, ರಕ್ತ ತಯಾರಾಗಲು ಬೇಕಾದ ಫೋಲೇಟ್ ಅನ್ನುವ ವಿಟಮಿನ್ ಮೈಗೆ ಹತ್ತದ ಹಾಗೆ ಮಾಡುತ್ತದೆ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57 ಪರ್ಸೆಂಟ್ ಜನಕ್ಕೆ ರಕ್ತಹೀನತೆ ಇದೆ ಅಂತ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ. ಮುಟ್ಟಿಗೆ ಮೊದಲಿನ ವಾರದ ಸಿಡಿಮಿಡಿಗೆ ಅಂತ ವೈನ್ ಕುಡಿಯುವುದು ನನ್ನದೇ ಅಭ್ಯಾಸ. 19 ಅಧ್ಯಯನಗಳನ್ನು ಸೇರಿಸಿ ನೋಡಿದ 2018ರ ಒಂದು ವರದಿಯಲ್ಲಿ ಕುಡಿಯುವವರಿಗೇ ಆ ಸಿಡಿಮಿಡಿ ಜಾಸ್ತಿ ಕಂಡಿತ್ತಂತೆ. ಸಿಡಿಮಿಡಿಗೆ ಕುಡಿಯುತ್ತಾರೋ, ಕುಡಿದು ಸಿಡಿಮಿಡಿಯೋ, ಅದು ಬೇರೆ ಪ್ರಶ್ನೆ. ನನ್ನ ಫ್ರಿಜ್ಜಿನಲ್ಲಿ ಅರ್ಧ ಬಾಟಲಿ ಇನ್ನೂ ಇದೆ. ಚೆಲ್ಲುವಷ್ಟು ಮನಸ್ಸು ಗಟ್ಟಿಯಿಲ್ಲ.

ನನಗೆ ಕೋಪ ಬಂದದ್ದು ಬೇರೆ ವಿಷಯಕ್ಕೆ. ಹದಿನೈದು ವರ್ಷದಿಂದ ಈ ಮಾತ್ರೆ ನುಂಗುತ್ತಿದ್ದೀನಿ. ಇದರ ಜೊತೆ ಕುಡಿಯಬಾರದು, ಊಟ ಮಾಡಿ ತಗೋ ಅಂತ ಒಬ್ಬರೂ ಹೇಳಿರಲಿಲ್ಲ. ಹೇಳುವುದು ಹೇಗೆ? ಇವತ್ತು ಸಂಜೆ ಪ್ಯಾಡ್ ತರಲು ಹೋಗಿದ್ದೆ. ಅಂಗಡಿಯವನು ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿ, ನನ್ನ ಮುಖ ನೋಡದೆ ಕೊಟ್ಟ. ಪಕ್ಕದ್ದು ಬ್ರಾಂಡಿ ಅಂಗಡಿ. ಅಲ್ಲೊಬ್ಬರು ಕ್ವಾರ್ಟರ್ ತಗೊಂಡರು. ಅದನ್ನೂ ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿದರು. ಇಬ್ಬರೂ ಒಂದೇ ಥರದ ಕವರ್ ಹಿಡಿದುಕೊಂಡು ಒಂದೇ ಗಲ್ಲಿಗೆ ತಿರುಗಿದೆವು. ಮುಚ್ಚಿ ತರುವ ಎರಡು ವಸ್ತು ನನ್ನ ಹೊಟ್ಟೆಯಲ್ಲಿ ಭೇಟಿಯಾದರೆ ಏನಾಗುತ್ತದೆ ಅಂತ ಯಾರನ್ನು ಕೇಳಬೇಕಿತ್ತು?

ದೊಡ್ಡಮ್ಮನ ಮೇಲೆ ಮಾತ್ರ ಸಿಟ್ಟಿಲ್ಲ. ಅವರು ಕೇಳಿಯಾದರೂ ಕೇಳಿದರು. ಮಾತ್ರೆ ನುಂಗಿದ್ದೀನಿ ಅಂತ ಹೇಳದೆ ಇದ್ದವಳು ನಾನು. ಈಗಷ್ಟೇ ಗೆಳತಿ ಫೋನ್ ಮಾಡಿ ಅವರ ಕೈಗೆ ಕೊಟ್ಟಳು. ಎಲ್ಲಾ ಹೇಳಿದೆ. ಮುಂದಿನ ಸಲ ಬ್ರಾಂಡಿ ಬೇಡ ದೊಡ್ಡಮ್ಮ, ಬಿಸಿನೀರು ಮೆಣಸು ಸಾಕು ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದು ಸಾರಾಯ್ತಲ್ಲ ಮಗಳೇ. ಉಪ್ಪು ಹಾಕಿ ಕೊಡ್ತೀನಿ ಬಾ" ಅಂದರು.