ನಾವೂ ಒಂದು ಚಿತಾಗಾರ ಹಾಕೋಣವಾ?

ಅಂತ್ಯಕ್ರಿಯೆಯ ಕೆಲಸ ಮಾಡುವ ನಾಲ್ಕು ಜನ ಸೇರಿದರೆ ಸಾಕು, ಯಾರಾದರೂ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಇದನ್ನೇ ಕೇಳುತ್ತಾರೆ. "ಇಲ್ಲಿವರೆಗೆ ಗಾಡಿ, ಪೆಟ್ಟಿಗೆ, ಹೂಳುವ ವ್ಯವಸ್ಥೆ ಇಷ್ಟೇ ನೋಡಿಕೊಂಡು ಬಂದೆವು. ಈಗ ಬರುವವರು ಜಾಸ್ತಿ ಸುಡುವುದಕ್ಕೇ ಕೇಳ್ತಾರೆ. ನಾವೇ ಒಂದು ಫರ್ನೇಸ್ ತಂದು ಹಾಕಿದರೆ ಹೇಗೆ?" ಅದರ ಬೆನ್ನಿಗೇ ಎರಡನೇ ಪ್ರಶ್ನೆ: "ಯಾವ ಕಂಪನಿದು ಒಳ್ಳೇದು?"

ಮೊದಲನೆಯದಕ್ಕೆ ನನ್ನ ಉತ್ತರ ಇದು. ದಹನ ಸೇವೆ ಕೊಡಿ, ಖಂಡಿತ ಕೊಡಿ. ಫರ್ನೇಸ್ ಮಾತ್ರ ಎಲ್ಲದಕ್ಕಿಂತ ಕೊನೆಗೆ ತನ್ನಿ. ಎರಡನೆಯದಕ್ಕೆ ಆಮೇಲೆ ಬರುತ್ತೇನೆ.

ನಾನು ದಹನ ಸೇವೆ ಶುರು ಮಾಡಿದ ಹೊಸದರಲ್ಲಿ ನನಗೂ ಸ್ವಂತ ಫರ್ನೇಸ್ ಇರಲಿಲ್ಲ. ಬೇರೆಯವರ ಚಿತಾಗಾರಕ್ಕೆ ಒಯ್ದು ಸುಡಿಸಿ, ಬೂದಿ ತಂದು ಮನೆಯವರ ಕೈಗೆ ಕೊಡುತ್ತಿದ್ದೆ. ಒಂದು ಸಂಜೆ ವಯಸ್ಸಾದ ಹೆಂಗಸೊಬ್ಬರು ಗಂಡನ ಬೂದಿ ತೆಗೆದುಕೊಂಡು ಹೋಗಲು ಬಂದರು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದರು. ಅದಿನ್ನೂ ಸ್ವಲ್ಪ ಬೆಚ್ಚಗಿತ್ತು. ಮುಚ್ಚಳ ತೆಗೆಯಲಿಲ್ಲ. ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು, "ಇದು ಅವರೇನಾ?"

"ಹೌದಮ್ಮ, ಅವರೇ" ಎಂದೆ. ಅವರು ನಂಬಿದರು. ನನಗೇ ನಂಬಿಕೆ ಇರಲಿಲ್ಲ. ದೇಹವನ್ನು ಚಿತಾಗಾರದ ಬಾಗಿಲವರೆಗೆ ಬಿಟ್ಟು ಬಂದವನು ನಾನು. ಮರುದಿನ ಅಲ್ಲಿಯವರು ಒಂದು ಡಬ್ಬಿ ಕೊಟ್ಟರು. ಮೇಲೆ ಪೆನ್ನಿನಲ್ಲಿ ಗೀಚಿದ ಒಂದು ಹೆಸರು. ನನ್ನ "ಹೌದಮ್ಮ"ನ ಹಿಂದೆ ಇದ್ದದ್ದು ಅಷ್ಟೇ.

ಈ ಕೆಲಸದ ಕಷ್ಟ ಇರುವುದು ಇಲ್ಲೇ. ಸುಟ್ಟ ಮೇಲೆ ಉಳಿಯುವುದು ಎಲುಬಿನ ಖನಿಜ, ಹೆಚ್ಚಾಗಿ ಕ್ಯಾಲ್ಸಿಯಂ ಫಾಸ್ಫೇಟ್. ಅಷ್ಟು ಬಿಸಿಗೆ ಡಿಎನ್‌ಎ ಹಾಳಾಗಿರುತ್ತದೆ. ಲ್ಯಾಬಿಗೆ ಕಳಿಸಿ ಇದು ಯಾರದ್ದು ಅಂತ ಹೇಳಿಸುವ ಆಸೆ ಬಿಡಬೇಕು. ಹೂತದ್ದರಲ್ಲಿ ತಪ್ಪಾದರೆ ಅಗೆದು ನೋಡಬಹುದು. ಸುಟ್ಟದ್ದರಲ್ಲಿ ತಪ್ಪಾದರೆ ಮುಗಿಯಿತು.

2002ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ನೋಬಲ್ ಎಂಬ ಊರಿನಲ್ಲಿ ಒಂದು ಚಿತಾಗಾರದ ಜಾಗದಲ್ಲಿ ಸುಡದೇ ಬಿಟ್ಟ 334 ದೇಹಗಳು ಸಿಕ್ಕವು. ಕೆಲವು ಮನೆಯವರಿಗೆ ಬೂದಿ ಅಂತ ಹೋದದ್ದು ಸಿಮೆಂಟ್ ಪುಡಿ. ವರ್ಷಗಟ್ಟಲೆ ಯಾರಿಗೂ ಗೊತ್ತಾಗಿರಲಿಲ್ಲ. ಹೇಗೆ ಗೊತ್ತಾಗಬೇಕು ಹೇಳಿ? ನಮ್ಮಂಥವರಿಗೆ ಮುಖ್ಯವಾದದ್ದು ಆಮೇಲಿನ ಕಥೆ. ಮನೆಯವರು ಆ ಚಿತಾಗಾರದ ಮೇಲಷ್ಟೇ ಅಲ್ಲ, ಅಲ್ಲಿಗೆ ದೇಹ ಕಳಿಸಿದ ಅಂತ್ಯಕ್ರಿಯೆ ಸಂಸ್ಥೆಗಳ ಮೇಲೂ ದಾವೆ ಹೂಡಿದರು. ಆ ಸಂಸ್ಥೆಗಳೂ ಪರಿಹಾರ ಕಟ್ಟಬೇಕಾಯಿತು. ಸುಟ್ಟವರು ಬೇರೆ ಇರಬಹುದು, ಮಾತು ಕೊಟ್ಟವರು ನೀವಲ್ವಾ?

ಆದ್ದರಿಂದ ಮೊದಲ ಖರ್ಚು ಸ್ಟೀಲ್ ಬಿಲ್ಲೆಗೆ ಮಾಡಿ. ಅಂಗಿ ಗುಂಡಿಗಿಂತ ಸ್ವಲ್ಪ ದೊಡ್ಡದು, ಮೇಲೆ ನಂಬರ್ ಕೊರೆದಿರಬೇಕು. ಬರೆದದ್ದಲ್ಲ, ಕೊರೆದದ್ದು. ದೇಹವನ್ನು ಮನೆಯಿಂದಲೋ ಆಸ್ಪತ್ರೆಯಿಂದಲೋ ತೆಗೆದುಕೊಳ್ಳುವಾಗ, ಗಾಡಿಗೆ ಏರಿಸುವ ಮೊದಲೇ, ಮನೆಯವರೊಬ್ಬರ ಎದುರಲ್ಲಿ ಕಾಲಿಗೆ ಹೆಸರಿನ ಪಟ್ಟಿ ಕಟ್ಟಿ. "ಆಫೀಸಿಗೆ ಹೋಗಿ ಕಟ್ಟೋಣ" ಅನ್ನುವ ಹುಡುಗನನ್ನು ಅವತ್ತೇ ತಿದ್ದಿ. ಚಿತಾಗಾರದಲ್ಲಿ ಪಟ್ಟಿಯ ಹೆಸರು, ಕಾಗದದ ಹೆಸರು, ರಿಜಿಸ್ಟರಿನಲ್ಲಿ ಬರೆದ ಬಿಲ್ಲೆಯ ನಂಬರ್ ಮೂರನ್ನೂ ಇಬ್ಬರು ಓದಬೇಕು, ಇಬ್ಬರೂ ಸಹಿ ಹಾಕಬೇಕು. ಬಿಲ್ಲೆ ದೇಹದ ಜೊತೆ ಒಳಗೆ ಹೋಗುತ್ತದೆ, ಬೂದಿಯ ಜೊತೆ ಹೊರಗೆ ಬರುತ್ತದೆ. ಬರುವಾಗ ಕಪ್ಪಾಗಿರುತ್ತದೆ. ಬೆರಳಿನಿಂದ ಉಜ್ಜಿದರೆ ನಂಬರ್ ಕಾಣುತ್ತದೆ. ಮನೆಯವರಿಗೆ ತೋರಿಸಲು ನನ್ನ ಹತ್ತಿರ ಇರುವುದು ಇದೊಂದೇ.

ಇಷ್ಟನ್ನು ಬೇರೆಯವರ ಫರ್ನೇಸ್ ಇಟ್ಟುಕೊಂಡೇ ಒಂದು ವರ್ಷ ಮಾಡಿ ನೋಡಿ. ಯಾರ ಜೊತೆ ಕರಾರು ಮಾಡಿಕೊಳ್ಳುತ್ತೀರೋ ಅವರ ಜಾಗಕ್ಕೆ ಹೇಳದೇ ಕೇಳದೇ ಹೋಗಿ ನಿಲ್ಲುವ ಹಕ್ಕು ನಿಮಗಿದೆ ಅಂತ ಕರಾರಿನಲ್ಲಿ ಬರೆಸಿಕೊಳ್ಳಿ. ಹೋದಾಗ ಫರ್ನೇಸ್ ಆಮೇಲೆ ನೋಡಿ, ಮೊದಲು ಶೀತಲ ಕೋಣೆಯ ಬಾಗಿಲು ತೆಗೆಸಿ. ಒಳಗೆ ಎಷ್ಟು ದೇಹ ಇವೆ, ರಿಜಿಸ್ಟರಿನಲ್ಲಿ ಎಷ್ಟಿವೆ, ಲೆಕ್ಕ ತಾಳೆಯಾಗುತ್ತದಾ? ಬಾಗಿಲು ತೆಗೆಯಲು ಸಬೂಬು ಹೇಳಿದರೆ ಅಲ್ಲಿಗೆ ಮತ್ತೆ ಹೋಗಬೇಡಿ.

ಆ ಒಂದು ವರ್ಷದಲ್ಲಿ ಒಂದು ನೋಟ್‌ಬುಕ್ ಇಡಿ. ತಿಂಗಳಿಗೆ ಎಷ್ಟು ಮನೆಯವರು ಸುಡಲು ಕೇಳಿದರು, ಎಷ್ಟು ಜನ ವಿಚಾರಿಸಿ ಬೇರೆ ಕಡೆ ಹೋದರು, ಯಾಕೆ ಹೋದರು. ದಹನ ಎಲ್ಲ ಕಡೆ ಏರುತ್ತಿದೆ ಅನ್ನುವುದು ನಿಜ. ಅಮೆರಿಕದಲ್ಲಿ 2016ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಸುಡುವಂತಾಯಿತು. ಆದರೆ ಅದನ್ನು ನೋಡಿ ನೀವು ಸಾಲ ತೆಗೆಯಬೇಡಿ. ನೋಟ್‌ಬುಕ್ಕಿನಲ್ಲಿರುವುದನ್ನು ನೋಡಿ ತೆಗೆಯಿರಿ.

ಯಾಕೆ ಹೇಳುತ್ತೇನೆ ಅಂದರೆ, ಕಡಿಮೆ ಕೆಲಸ ಇರುವ ಫರ್ನೇಸ್ ಸುಮ್ನೆ ಕೂತಿರುವುದಿಲ್ಲ, ಹಾಳಾಗುತ್ತಿರುತ್ತದೆ. ಒಳಗೆ ಬೆಂಕಿ ತಡೆಯುವ ಇಟ್ಟಿಗೆಯ ಗೋಡೆ. ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ದಿನಾ ಮೂರು ನಾಲ್ಕು ದಹನ ಒಂದರ ಹಿಂದೆ ಒಂದು ಆದರೆ ಗೋಡೆ ಬಿಸಿಯಾಗಿಯೇ ಇರುತ್ತದೆ. ಇಂಧನವೂ ಉಳಿಯುತ್ತದೆ, ಎರಡನೆಯದಕ್ಕೆ ಬರ್ನರ್ ಅಷ್ಟು ಉರಿಯಬೇಕಾಗುವುದಿಲ್ಲ. ವಾರಕ್ಕೆ ಎರಡೇ ಆದರೆ ಪ್ರತಿ ಸಲ ತಣ್ಣಗಿನ ಇಟ್ಟಿಗೆಯನ್ನು ಕಾಯಿಸುತ್ತೀರಿ, ಮತ್ತೆ ಆರಲು ಬಿಡುತ್ತೀರಿ. ಬಿರುಕು ಅಲ್ಲಿಂದ ಶುರು. ಮೊದಲು ಹೋಗುವುದು ನೆಲ, ಆಮೇಲೆ ಬಾಗಿಲ ಹತ್ತಿರದ ಕಮಾನು. ವಿದ್ಯುತ್ ಫರ್ನೇಸ್ ಆದರೆ ಇದು ಇನ್ನೂ ಕಷ್ಟ. ತಣ್ಣಗಿದ್ದದ್ದು ಕಾಯಲು ಗಂಟೆಗಟ್ಟಲೆ ಬೇಕು. ಹಾಗಂತ ಯಾವಾಗಲೂ ಕಾಯಿಸಿಯೇ ಇಟ್ಟರೆ ಕರೆಂಟ್ ಬಿಲ್ಲು ಏರುತ್ತದೆ.

ಫರ್ನೇಸಿನಲ್ಲಿ ಎರಡು ಕೋಣೆ. ಮೊದಲನೆಯದರಲ್ಲಿ ದೇಹ, ಸುಮಾರು 800ರಿಂದ 1000 ಡಿಗ್ರಿ ಸೆಲ್ಸಿಯಸ್, ಒಂದೂವರೆಯಿಂದ ಎರಡು ಗಂಟೆ. ಎರಡನೆಯದು ಹೊಗೆಯನ್ನು ಮತ್ತೊಮ್ಮೆ ಸುಡಲು. ಎಷ್ಟೋ ಕಡೆಯ ನಿಯಮದಲ್ಲಿ ಹೊಗೆ 850 ಡಿಗ್ರಿಯಲ್ಲಿ 2 ಸೆಕೆಂಡ್ ಇರಬೇಕು ಅಂತ ಇದೆ. ಹೊಸಬರು ಮೊದಲ ಕೋಣೆಯನ್ನೇ ನೋಡಿ ದುಡ್ಡು ಕೊಡುತ್ತಾರೆ. ಅಕ್ಕಪಕ್ಕದವರು ಜಗಳಕ್ಕೆ ಬರುವುದು ಎರಡನೆಯದು ಸರಿ ಇಲ್ಲದಾಗ. ಅದು ಸರಿ ಇದ್ದರೆ ಚಿಮಣಿಯ ಮೇಲೆ ಬಿಸಿಗಾಳಿ ನಡುಗುವುದಷ್ಟೇ ಕಾಣುತ್ತದೆ. ಪಾದರಸದ ವಿಷಯ ಬೇರೆ, ಅದು ಕಾಣುವುದೇ ಇಲ್ಲ. ಹಳೆಯ ಬೆಳ್ಳಿ ಬಣ್ಣದ ಹಲ್ಲಿನ ಫಿಲ್ಲಿಂಗಿನಲ್ಲಿ ಸುಮಾರು ಅರ್ಧ ಪಾದರಸವೇ. ಅದು 357 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಇದನ್ನು ಹಿಡಿಯುವ ಫಿಲ್ಟರ್ ಇವತ್ತು ನಿಮ್ಮ ಕಡೆ ಕಡ್ಡಾಯವಲ್ಲದಿದ್ದರೂ ಅದನ್ನು ಕೂರಿಸಲು ಜಾಗ ಬಿಟ್ಟೇ ಕಟ್ಟಡ ಕಟ್ಟಿ. ಪರವಾನಗಿಗೆ ಅರ್ಜಿ ಹಾಕುವ ಮೊದಲು ಅಕ್ಕಪಕ್ಕದವರನ್ನು ಕರೆದು ಮಾತಾಡಿ. ನೋಟಿಸ್ ಬೋರ್ಡಿನಲ್ಲಿ ಓದಿ ತಿಳಿದುಕೊಂಡವರು ವೈರಿಗಳಾಗುತ್ತಾರೆ.

ಇನ್ನು ಒಳಗೆ ಹೋಗಬಾರದ ವಸ್ತುಗಳು. ಹೃದಯದ ಬಡಿತ ಸರಿಯಾಗಿಡಲು ಎದೆಯಲ್ಲಿ ಕೂರಿಸುವ ಪೇಸ್‌ಮೇಕರಿನ ಬ್ಯಾಟರಿ ಬಿಸಿಗೆ ಸಿಡಿಯುತ್ತದೆ. ಇಟ್ಟಿಗೆ ಒಡೆಯುತ್ತದೆ, ಬಾಗಿಲ ಬಳಿ ನಿಂತವನಿಗೆ ಅಪಾಯ. ಮನೆಯವರ ಹತ್ತಿರ ಫಾರಂನಲ್ಲಿ ಬರೆಸಿಕೊಂಡರೆ ಸಾಲದು. ದುಃಖದಲ್ಲಿರುವವರು ಎಲ್ಲದಕ್ಕೂ "ಇಲ್ಲ" ಅಂತ ಗೀಟು ಹಾಕುತ್ತಾರೆ. ನಮ್ಮಲ್ಲಿ ಕೈಯಿಂದ ಮುಟ್ಟಿ ನೋಡುವುದು ಕಡ್ಡಾಯ. ಹೆಚ್ಚಾಗಿ ಎಡಗಡೆ, ಕತ್ತಿನ ಮೂಳೆಯ ಕೆಳಗೆ, ಚರ್ಮದ ಅಡಿಯಲ್ಲಿ ಬೆಂಕಿಪೊಟ್ಟಣಕ್ಕಿಂತ ಸಣ್ಣ ಗಟ್ಟಿ ಬಿಲ್ಲೆಯಂತೆ ಸಿಗುತ್ತದೆ. ಅದನ್ನು ತೆಗೆಸಲು ಮನೆಯವರ ಒಪ್ಪಿಗೆ ಬೇಕು. ಕ್ಯಾನ್ಸರಿಗೆ ವಿಕಿರಣ ಔಷಧ ತೆಗೆದುಕೊಂಡಿದ್ದರಾ ಅಂತಲೂ ಕೇಳಿ. ಅಂಥ ಔಷಧ ಪಡೆದ ಕೆಲವೇ ದಿನಕ್ಕೆ ತೀರಿಕೊಂಡವರೊಬ್ಬರನ್ನು ಸುಟ್ಟ ಮೇಲೆ ಚಿತಾಗಾರದ ಫರ್ನೇಸಿನಲ್ಲೂ ಎಲುಬು ಪುಡಿ ಮಾಡುವ ಯಂತ್ರದಲ್ಲೂ ವಿಕಿರಣ ಪತ್ತೆಯಾದದ್ದು 2019ರಲ್ಲಿ ಅಮೆರಿಕದಿಂದ ವರದಿಯಾಯಿತು. ತುಂಬ ದಪ್ಪ ಇದ್ದವರ ದೇಹವನ್ನು ಬೆಳಗ್ಗೆ ಮೊದಲು, ಫರ್ನೇಸ್ ಇನ್ನೂ ತಣ್ಣಗಿರುವಾಗ ಇಡಬೇಕು. ಕೊಬ್ಬು ತಾನೇ ಇಂಧನ. ಕೆಂಪಗೆ ಕಾದ ಗೋಡೆಗೆ ಸಿಕ್ಕರೆ ಬೆಂಕಿ ಹತೋಟಿ ತಪ್ಪುತ್ತದೆ, ಚಿಮಣಿ ಕಪ್ಪು ಹೊಗೆ ಕಾರುತ್ತದೆ.

ಬೂದಿಯ ವಿಷಯದಲ್ಲಿ ಮನೆಯವರಿಗೆ ಮೊದಲೇ ಹೇಳಿಬಿಡಬೇಕಾದ ಮಾತುಗಳಿವೆ. ಫರ್ನೇಸಿನಿಂದ ಬರುವುದು ಬೂದಿಯಲ್ಲ, ಎಲುಬಿನ ತುಂಡುಗಳು. ಆರಿದ ಮೇಲೆ ಅಯಸ್ಕಾಂತ ಆಡಿಸಿ ಮೊಳೆ, ಸ್ಕ್ರೂ ತೆಗೆದು, ಅಯಸ್ಕಾಂತಕ್ಕೆ ಅಂಟದ ಲೋಹದ ಕೃತಕ ಕೀಲುಗಳನ್ನು ಕೈಯಿಂದ ಆರಿಸಿ, ಆಮೇಲೆ ಯಂತ್ರಕ್ಕೆ ಹಾಕಿ ಪುಡಿ ಮಾಡುತ್ತೇವೆ. ದೊಡ್ಡವರದ್ದು ಸಾಮಾನ್ಯವಾಗಿ 2ರಿಂದ 3 ಕಿಲೋ. "ಅಪ್ಪ ಅಷ್ಟು ದಪ್ಪ ಇದ್ದರು, ಇಷ್ಟೇನಾ?" ಅಂತ ಕೇಳುತ್ತಾರೆ. ಉಳಿಯುವುದು ಎಲುಬು, ಅದರ ತೂಕ ಎತ್ತರಕ್ಕೆ ತಕ್ಕ ಹಾಗೆ. ಇನ್ನೊಂದು ಮಾತು ಹೇಳಲು ಎಲ್ಲರಿಗೂ ಮುಜುಗರ. ಎಷ್ಟೇ ಗುಡಿಸಿದರೂ ಇಟ್ಟಿಗೆಯ ಸಂದಿಯಲ್ಲಿ ಚೂರುಪಾರು ಉಳಿಯುತ್ತದೆ, ಹಿಂದಿನವರದ್ದರ ಒಂದು ಚಿಟಿಕೆ ಮುಂದಿನವರದ್ದರಲ್ಲಿ ಸೇರಿರಬಹುದು. ಒಪ್ಪಿಗೆ ಪತ್ರದಲ್ಲಿ ಇದನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ಓದಿಯೂ ಹೇಳುತ್ತೇನೆ. ಇದುವರೆಗೆ ಇದಕ್ಕಾಗಿ ಎದ್ದು ಹೋದವರು ಯಾರೂ ಇಲ್ಲ.

ಅದೇ ಪತ್ರದಲ್ಲಿ, ಬೂದಿಯನ್ನು ಯಾರು ಬಂದು ಒಯ್ಯುತ್ತಾರೆ, ಬರದಿದ್ದರೆ ಎಷ್ಟು ದಿನ ಇಡುತ್ತೇವೆ, ಆಮೇಲೆ ಏನು ಮಾಡುತ್ತೇವೆ ಅಂತಲೂ ಬರೆಸಿ. ನಾನು ಮೊದಲ ವರ್ಷ ಇದನ್ನು ಬಿಟ್ಟಿದ್ದೆ. ಈಗಲೂ ನನ್ನ ಆಫೀಸಿನ ಹಿಂದಿನ ಕೋಣೆಯಲ್ಲಿ ಒಂದು ಕಪಾಟು ಇದೆ, ಯಾರೂ ಬಾರದ ಡಬ್ಬಿಗಳದ್ದು. ಫೋನ್ ಮಾಡಿದರೆ "ಬರ್ತೀವಿ, ಬರ್ತೀವಿ" ಅನ್ನುತ್ತಾರೆ. ಸಹಿಯನ್ನೂ ಸರಿಯಾದವರಿಂದಲೇ ತೆಗೆದುಕೊಳ್ಳಿ. ಅಣ್ಣ ಸುಡಬೇಕು, ತಂಗಿ ಹೂಳಬೇಕು ಅಂತ ನಿಂತರೆ ನೀವು ನ್ಯಾಯ ಹೇಳಲು ಹೋಗಬೇಡಿ. ದೇಹವನ್ನು ಶೀತಲ ಕೋಣೆಯಲ್ಲಿಡಿ, ಅವರೊಳಗೆ ತೀರ್ಮಾನ ಆಗುವವರೆಗೆ ಕಾಯಿರಿ.

ಲಾಭದ ಬಗ್ಗೆ ಒಂದೇ ಮಾತು. ದಹನ ಆರಿಸಿಕೊಂಡವರಲ್ಲಿ ಹಲವರಿಗೆ ದುಬಾರಿ ಪೆಟ್ಟಿಗೆ ಬೇಡ, ಸಮಾರಂಭ ಬೇಡ. ನಿಮ್ಮ ಹಳೆಯ ಆದಾಯ ಅಷ್ಟರ ಮಟ್ಟಿಗೆ ಇಳಿಯುತ್ತದೆ. ಅದನ್ನು ತುಂಬಿಸಿಕೊಳ್ಳಲು "ಪೆಟ್ಟಿಗೆ ಇಲ್ಲದೆ ಆಗಲ್ಲ" ಅಂತ ಹೇಳುವವರನ್ನು ನೋಡಿದ್ದೇನೆ. ಅಮೆರಿಕದಲ್ಲಿ 1984ರಿಂದಲೇ ಇಂಥ ಮಾತಿಗೆ ತಡೆ ಇದೆ, ಸಮಾರಂಭವಿಲ್ಲದ ನೇರ ದಹನಕ್ಕೆ ಪೆಟ್ಟಿಗೆ ಕೊಳ್ಳಲೇಬೇಕು ಅಂತ ಅಲ್ಲಿ ಹೇಳುವಂತಿಲ್ಲ. ಕಾನೂನು ಇರಲಿ ಬಿಡಲಿ, ದರಪಟ್ಟಿ ಗೋಡೆಗೆ ಅಂಟಿಸಿ. ನನ್ನದು ಅಂಟಿಸಿದ ಮೇಲೆ ಚೌಕಾಸಿ ಕಡಿಮೆಯಾಯಿತು.

ನೀರಿನ ದಹನದ ಬಗ್ಗೆಯೂ ಈಗ ಕೇಳುವವರಿದ್ದಾರೆ. ಬಿಸಿ ನೀರು ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದಲ್ಲಿ ದೇಹವನ್ನು ಕರಗಿಸಿ ಎಲುಬು ಉಳಿಸುವ ವಿಧಾನ ಅದು. ವರ್ಣಭೇದದ ವಿರುದ್ಧ ಹೋರಾಡಿದ ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು 2021ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವರಿಗೆ ಹೀಗೇ ಮಾಡಿದರು. ಹೊಗೆಯ ತಲೆನೋವಿಲ್ಲ, ಪೇಸ್‌ಮೇಕರ್ ತೆಗೆಯುವ ಕೆಲಸವೂ ಇಲ್ಲ. ಕಾನೂನು ಒಪ್ಪುವ ಕಡೆ ಇದ್ದರೆ ಹೋಗಿ ನೋಡಿ ಬನ್ನಿ.

ಈಗ ಆ ಎರಡನೇ ಪ್ರಶ್ನೆ, ಯಾವ ಕಂಪನಿ. ನಾನು ಹೆಸರು ಹೇಳುವುದಿಲ್ಲ. ಮಾರಲು ಬಂದವರನ್ನು ಕೂರಿಸಿ ಇಷ್ಟು ಕೇಳಿ: ಒಳಗಿನ ನೆಲ ಎಷ್ಟು ದಹನಕ್ಕೊಮ್ಮೆ ಹಾಕಿಸಬೇಕು? ಹಾಕಿಸುವಾಗ ಎಷ್ಟು ದಿನ ನಿಲ್ಲಿಸಬೇಕು? ಬರ್ನರಿನ ಬಿಡಿಭಾಗ ಎಲ್ಲಿಂದ ಬರುತ್ತದೆ? ಶನಿವಾರ ರಾತ್ರಿ ಫೋನ್ ಮಾಡಿದರೆ ಎತ್ತುವವರು ಯಾರು? ನಮ್ಮಲ್ಲಿ ಒಮ್ಮೆ ದಹನ ಶುರುವಾಗಿ ನಲವತ್ತು ನಿಮಿಷಕ್ಕೆ ಬರ್ನರ್ ನಿಂತುಹೋಯಿತು. ತೀರಿಕೊಂಡವರ ಮಗ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಕಂಪನಿಯ ನಂಬರಿಗೆ ಹನ್ನೊಂದು ಸಲ ಫೋನ್ ಮಾಡಿದೆವು, ರಿಂಗ್ ಆಗುತ್ತಲೇ ಇತ್ತು. ಕೊನೆಗೆ ಇನ್ನೊಂದು ಚಿತಾಗಾರದ ಹಳೆಯ ಮೆಕ್ಯಾನಿಕ್ ಒಬ್ಬರು ಟಾರ್ಚ್ ಹಿಡಿದುಕೊಂಡು ಬಂದು ಸರಿ ಮಾಡಿಕೊಟ್ಟರು. ಅಷ್ಟು ಹೊತ್ತೂ ನಾನು ಬೆಂಚಿನ ಮೇಲೆ ಆ ಹುಡುಗನ ಪಕ್ಕದಲ್ಲೇ ಕೂತಿದ್ದೆ. ಏನಾಗಿದೆ ಅಂತ ಅವನಿಗೆ ಹೇಳಿದ್ದೆ. ಅವನು ಏನೂ ಕೇಳಲಿಲ್ಲ.