ಹಾರಿದರೂ ಕಡಿಯದ ಕಾಯಿ

ಈ ವಾರ ಹಾಲ್ಮಾ ಎಂಬ ಆಟದ ಹಾಸಿನ ಮುಂದೆ ಕಂಡದ್ದು. ಮೊಮ್ಮಗಳು ತಾತನ ಕಾಯಿಯನ್ನು ಹಾರಿದವಳೇ ಅದನ್ನೆತ್ತಿ ಪಕ್ಕಕ್ಕಿಟ್ಟಳು.

“ಅದನ್ಯಾಕೆ ತೆಗೆದೆ?”

“ಹಾರಿದ್ನಲ್ಲ, ಕಡಿದ ಹಾಗೇ.”

“ಇದರಲ್ಲಿ ಕಡಿಯೋದೇ ಇಲ್ಲ ಕಂದಾ. ಅಲ್ಲೇ ಇಡು.”

“ಹಾಗಾದ್ರೆ ಹಾರಿ ಏನು ಬಂತು ತಾತಾ?”

ಬಂದದ್ದು ದಾರಿ. ಹಾಲ್ಮಾ ಎಂದರೆ ಗ್ರೀಕ್‌ನಲ್ಲಿ ಜಿಗಿತ. ಹಾಸಿನಲ್ಲಿ 16ಕ್ಕೆ 16, ಒಟ್ಟು 256 ಮನೆ. ಇಬ್ಬರಾದರೆ ತಲಾ 19 ಕಾಯಿ, ನಾಲ್ವರಾದರೆ 13. ಕಾಯಿ ಸುತ್ತಲಿನ ಎಂಟು ಮನೆಗಳಲ್ಲಿ ಯಾವುದಾದರೂ ಖಾಲಿ ಮನೆಗೆ ಸರಿಯಬಹುದು. ಇಲ್ಲವೇ ಪಕ್ಕದ ಕಾಯಿಯನ್ನು, ಅದು ಯಾರದ್ದಾದರೂ ಸರಿ, ಹಾರಿ ಆಚೆಯ ಖಾಲಿ ಮನೆಗೆ ಇಳಿದು ಅಲ್ಲಿಂದ ಮತ್ತೆ ಮತ್ತೆ ಹಾರಬಹುದು. ಸರಿಯುವುದು, ಹಾರುವುದು ಎರಡೂ ಒಂದೇ ನಡೆಯಲ್ಲಿ ಆಗದು. ತನ್ನ ಕಾಯಿಗಳನ್ನೆಲ್ಲ ಎದುರು ಮೂಲೆಗೆ ಸೇರಿಸುವುದೇ ಆಟ. ಮೂಲೆಯಿಂದ ಎದುರು ಮೂಲೆಗೆ ಒಂದೊಂದೇ ಮನೆ ಸರಿದರೆ ಒಂದು ಕಾಯಿಗೇ 15 ನಡೆ ಬೇಕು. ಮನೆ ಬಿಟ್ಟು ಮನೆ ಕಾಯಿ ನಿಲ್ಲಿಸಿ ಏಣಿ ಕಟ್ಟಿದರೆ ಹಿಂದಿನ ಕಾಯಿ ಒಂದೇ ನಡೆಯಲ್ಲಿ ಬಹುದೂರ ಸಾಗುತ್ತದೆ. ಎರಡು ಕಾಯಿ ಒತ್ತೊತ್ತಾಗಿ ನಿಂತವೋ, ಏಣಿ ಅಲ್ಲಿಗೇ ಮುರಿಯಿತು. ಏಣಿಯ ಕಾಯಿಗಳೆಲ್ಲ ಮುಂದೆ ಹೋದ ಮೇಲೆ ಹಿಂದುಳಿದ ಒಂಟಿ ಕಾಯಿ ತೆವಳಬೇಕು. ಕೈಗೆ ಬಂದ ಆಟ ಸೋಲುವುದು ಬಹುಮಟ್ಟಿಗೆ ಇಲ್ಲೇ.

ಈ ಆಟ ಕಟ್ಟಿದವರು ಬಾಸ್ಟನ್‌ನ ಶಸ್ತ್ರವೈದ್ಯ ಜಾರ್ಜ್ ಹೊವಾರ್ಡ್ ಮಾಂಕ್ಸ್, 1883-84ರ ಸುಮಾರಿಗೆ. ಇಂಗ್ಲೆಂಡಿನಲ್ಲಿದ್ದ ಸೋದರ ರಾಬರ್ಟ್ ಅಲ್ಲಿ ಕಂಡ ಹಾಪಿಟಿ ಎಂಬ ಆಟದ ಬಗ್ಗೆ ಬರೆದ ಕಾಗದವೇ ಬೀಜ. 1892ರಲ್ಲಿ ಜರ್ಮನಿಯಲ್ಲಿ ಇದು ನಕ್ಷತ್ರದ ಹಾಸಿಗೆ ಬಂತು. ನಾವು ಚೈನೀಸ್ ಚೆಕರ್ಸ್ ಅನ್ನುವುದು ಅದನ್ನೇ. ಹುಟ್ಟಿದ್ದು ಚೀನಾದಲ್ಲಲ್ಲ. ಇಷ್ಟು ಜನ ಆಡುವ ಆಟದ ಬೇರಿಗೆ ನೀರೆರೆದವರ ಹೆಸರು ಆಡುವವರಿಗೇ ಗೊತ್ತಿಲ್ಲವೆಂಬುದು ಬೇಸರದ ಸಂಗತಿ.

ಹುಡುಗಿಯ ಕೈ ಆಮೇಲೂ ಪ್ರತಿ ಸಲ ಹಾರಿದ ಕಾಯಿಯತ್ತ ಹೋಗಿ, ನೆನಪಾಗಿ, ಹಿಂದೆ ಬರುತ್ತಿತ್ತು. ಹಾರಿ ಏನು ಬಂತು? ಮಾಂಕ್ಸ್ 1898ರಲ್ಲಿ ಪ್ರಕಟಿಸಿದ ಕಣ್ಣಿನ ಕೆಳರೆಪ್ಪೆಯನ್ನು ಹೊಸದಾಗಿ ಕಟ್ಟುವ ಶಸ್ತ್ರಕ್ರಿಯೆ ನೋಡಿದರೆ ನನಗೆ ಉತ್ತರ ಅಲ್ಲೇ ಕಾಣುತ್ತದೆ. ಹಣೆಯ ಪಕ್ಕದಿಂದ ರೆಪ್ಪೆಯ ಅಳತೆಗೆ ಚರ್ಮದ ತುಂಡೊಂದನ್ನು ಸುತ್ತ ಬಿಡಿಸುವುದು. ಅದಕ್ಕೆ ರಕ್ತ ತರುವ ಕಣತಲೆಯ ನಾಳವನ್ನು ಮಾತ್ರ ಕಡಿಯದೆ, ಸುತ್ತಲಿನ ಮೆದು ಅಂಗಾಂಶದ ಸಮೇತ ಉಳಿಸಿಕೊಳ್ಳುವುದು. ನಡುವಿನ ಚರ್ಮದಡಿ ಸುರಂಗ ಬಿಡಿಸಿ, ತುಂಡನ್ನು ಅದರೊಳಗಿಂದ ರೆಪ್ಪೆಯ ಜಾಗಕ್ಕೆ ಎಳೆದು ಹೊಲಿಯುವುದು. ನಡುವಿನ ಚರ್ಮ ಇದ್ದಲ್ಲೇ ಇರುತ್ತದೆ, ತಾತನ ಕಾಯಿಯ ಹಾಗೆ.

ಕೆಡುವುದು ಸುರಂಗದಲ್ಲಿ. ಅದು ಬಿಗಿಯಾದರೆ ಮೊದಲು ಅಮುಕಿಹೋಗುವುದು ರಕ್ತ ಹಿಂದಕ್ಕೊಯ್ಯುವ ತೆಳು ಗೋಡೆಯ ಅಭಿಧಮನಿ. ರಕ್ತ ಒಳಗೆ ಬರುತ್ತದೆ, ಹೊರಗೆ ಹೋಗದು. ತುಂಡು ಉಬ್ಬಿ ನೀಲಿಗಟ್ಟುತ್ತದೆ. ಬುಡದ ನಾಳ ತಿರುಚಿ ರಕ್ತ ತರುವ ಅಪಧಮನಿಯೇ ಮುಚ್ಚಿದರೆ ಬಿಳಿಚಿ ತಣ್ಣಗಾಗುತ್ತದೆ. ಎರಡರಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಎನ್ನುವಂತಿಲ್ಲ, ಹೊಲಿಗೆ ಬಿಚ್ಚಿ ಸಡಿಲಿಸಬೇಕು.